ಮಾಡು ಕಳಚಿದ ಮನೆಗಳು: ಐರ್ಲೆಂಡಿನ ಹಳ್ಳಿಗಾಡಿನ ಕಟ್ಟಡಗಳ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಐರ್ಲೆಂಡಿನ ಕೌಂಟಿಗಳಲ್ಲಿ ಉಳಿದಿರುವ ಹಳೆಯ ಕಟ್ಟಡಗಳ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಈ ಬಾರಿ ಉತ್ತರಿಸಿದ್ದೇನೆ. ಅಲ್ಲಿಗೆ ಪ್ರವಾಸ ಹೋಗಿ ಬಂದವರೂ ಅಲ್ಲಿಯೇ ಕೆಲಸದಲ್ಲಿದ್ದು ನೆಲೆಸಿರುವವರೂ ಬರೆದಿದ್ದಾರೆ. ಒಂದೇ ವಿಷಯವನ್ನು ಹಲವರು ಕೇಳಿದ್ದ ಕಡೆ ಪತ್ರಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ಮೇಯೊ, ಗಾಲ್ವೇ, ರಾಸ್ಕಾಮನ್ ಕೌಂಟಿಗಳಲ್ಲಿ ಸುತ್ತಾಡುವಾಗ ಎಲ್ಲಿ ನೋಡಿದರೂ ಮಾಡು ಇಲ್ಲದ ಕಲ್ಲಿನ ಮನೆಗಳು ಕಾಣುತ್ತವೆ. ಗೋಡೆ ಗಟ್ಟಿಯಾಗಿದೆ, ಬಾಗಿಲ ಮೇಲಿನ ಕಲ್ಲು ಹಾಗೆಯೇ ಇದೆ, ಮಾಡು ಮಾತ್ರ ಇಲ್ಲ. ಗುಡಿಸಲಿನಂಥ ಮನೆಗೂ ಅರಮನೆಯಂಥ ಬಂಗಲೆಗೂ ಒಂದೇ ಗತಿ ಬಂದದ್ದು ಹೇಗೆ?

ಗತಿ ಒಂದೇ ಆದರೂ ಕಾರಣಗಳು ಬೇರೆ ಬೇರೆ. ಮೊದಲು ಬಡವರ ಮನೆಗಳನ್ನು ನೋಡೋಣ. 1845ರಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಆರಂಭವಾದ ಮಹಾಕ್ಷಾಮದ ನಡುವೆ, 1847ರಲ್ಲಿ, ಬಡವರ ಪರಿಹಾರದ ಕಾನೂನಿಗೆ ಒಂದು ಷರತ್ತು ಸೇರಿತು: ಕಾಲು ಎಕರೆಗಿಂತ ಹೆಚ್ಚು ಭೂಮಿಯನ್ನು ಗೇಣಿಗೆ ಹಿಡಿದಿರುವವನಿಗೆ ಸರ್ಕಾರಿ ಪರಿಹಾರ ಸಿಗದು. ಅದನ್ನು ಸೂಚಿಸಿದವರು ವಿಲಿಯಂ ಗ್ರೆಗರಿ ಎಂಬ ಸಂಸತ್ ಸದಸ್ಯರು. ಇದಲ್ಲದೆ, ವರ್ಷಕ್ಕೆ 4 ಪೌಂಡ್ ಅಥವಾ ಅದಕ್ಕೂ ಕಡಿಮೆ ಮೌಲ್ಯದ ಹಿಡುವಳಿಗಳ ಮೇಲಿನ ಸ್ಥಳೀಯ ಕರವನ್ನು ಗೇಣಿದಾರನ ಬದಲು ಜಮೀನ್ದಾರನೇ ಕಟ್ಟಬೇಕಾಗಿತ್ತು. ಹಸಿದವನಿಗೆ ಅನ್ನ ಸಿಗಬೇಕಾದರೆ ಅವನು ನೆಲ ಬಿಡಬೇಕು, ಜಮೀನ್ದಾರನ ಕರ ಇಳಿಯಬೇಕಾದರೆ ಸಣ್ಣ ಗೇಣಿದಾರನೇ ಇರಬಾರದು ಎಂಬ ಸ್ಥಿತಿ ಹೀಗೆ ಉಂಟಾಯಿತು. ಒಕ್ಕಲೆಬ್ಬಿಸಿದ ಸಂಸಾರ ರಾತ್ರಿ ಮರಳಿ ಬಂದು ಅದೇ ಮನೆಯಲ್ಲಿ ಮಲಗದಂತೆ ಮಾಡಲು ಇದ್ದ ಅತ್ಯಂತ ಸುಲಭದ ಉಪಾಯವೆಂದರೆ ಮಾಡನ್ನು ಕೆಡವುವುದು. ತೊಲೆಯನ್ನು ಗರಗಸದಿಂದ ಕೊಯ್ದು ಹಗ್ಗ ಕಟ್ಟಿ ಎಳೆದರೆ ಹುಲ್ಲಿನ ಮಾಡು ಕುಸಿದು ಬೀಳುತ್ತಿತ್ತು.

1841ರ ಜನಗಣತಿ ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತ್ತು. ಒಂದೇ ಕೋಣೆಯ ಮಣ್ಣಿನ ಗುಡಿಸಲುಗಳಾದ ನಾಲ್ಕನೇ ದರ್ಜೆಯ ಮನೆಗಳು ಆಗ ಸುಮಾರು 4.9 ಲಕ್ಷ ಇದ್ದವು, ಎಂದರೆ ದೇಶದ ಒಟ್ಟು ಮನೆಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು. 1851ರ ಗಣತಿಯಲ್ಲಿ ಅವು ಸುಮಾರು 1.35 ಲಕ್ಷಕ್ಕೆ ಇಳಿದಿದ್ದವು. ಅದೇ ಹತ್ತು ವರ್ಷಗಳಲ್ಲಿ ಜನಸಂಖ್ಯೆ ಸುಮಾರು 82 ಲಕ್ಷದಿಂದ 66 ಲಕ್ಷಕ್ಕೆ ಬಂದಿತ್ತು. ಮಣ್ಣಿನ ಗೋಡೆಗೆ ಮಾಡು ಇಲ್ಲವಾದರೆ ಕೆಲವೇ ಮಳೆಗಾಲಗಳಲ್ಲಿ ಅದು ಕರಗಿ ಹೊಲಕ್ಕೆ ಸೇರಿಹೋಗುತ್ತದೆ. ನೀವು ಕಂಡ ಕಲ್ಲಿನ ಗೋಡೆಗಳು ಅತ್ಯಂತ ಬಡವರವಲ್ಲ, ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದವರವು. ಎಲ್ಲರಿಗಿಂತ ಬಡವರ ಮನೆಗಳಿಗೆ ಪಾಳು ಬೀಳುವ ಭಾಗ್ಯವೂ ಇರಲಿಲ್ಲ ಎಂಬುದನ್ನು ಆ ಭೂದೃಶ್ಯವನ್ನು ನೋಡುವಾಗ ನೆನಪಿಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಹಾಗೆಂದು ಪ್ರತಿ ಪಾಳುಮನೆಯನ್ನೂ ಕ್ಷಾಮದ ಕಾಲಕ್ಕೆ ಸೇರಿಸುವುದು ತಪ್ಪು. ಇಪ್ಪತ್ತನೇ ಶತಮಾನದಲ್ಲಿ ಮಕ್ಕಳೆಲ್ಲ ಇಂಗ್ಲೆಂಡಿಗೂ ಅಮೆರಿಕಕ್ಕೂ ವಲಸೆ ಹೋಗಿ, ಊರಿನಲ್ಲಿ ಉಳಿದ ಕೊನೆಯ ಹಿರಿಯರು ತೀರಿಕೊಂಡ ಮೇಲೆ ಬಾಗಿಲು ಹಾಕಿದ ಮನೆಗಳು ಬಹಳ ಇವೆ.

ಜಮೀನ್ದಾರರ ದೊಡ್ಡ ಮನೆಗಳ ಕಥೆ ಅರ್ಧ ಶತಮಾನದ ನಂತರದ್ದು. 1903ರ ವಿಂಡಮ್ ಭೂಕಾಯ್ದೆಯಿಂದ ಗೇಣಿದಾರರು ತಾವು ಉಳುತ್ತಿದ್ದ ಭೂಮಿಯನ್ನು ಸರ್ಕಾರದ ಸಾಲ ಪಡೆದು ಕೊಳ್ಳುವಂತಾಯಿತು. ಮನೆಯನ್ನು ಸಾಕುತ್ತಿದ್ದ ಜಮೀನು ಹೋಯಿತು, ಮನೆ ಉಳಿಯಿತು. 1919ರಿಂದ 1923ರವರೆಗಿನ ಸ್ವಾತಂತ್ರ್ಯ ಸಮರ ಮತ್ತು ಅಂತರ್ಯುದ್ಧದ ದಿನಗಳಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಮನೆಗಳು ಬೆಂಕಿಗೆ ಆಹುತಿಯಾದವು. ಮೇಯೊ ಕೌಂಟಿಯ ಮೂರ್ ಹಾಲ್ 1923ರ ಫೆಬ್ರವರಿಯಲ್ಲಿ ಹೀಗೆ ಸುಟ್ಟುಹೋಯಿತು. ಅದರ ಹೊರಗೋಡೆಗಳು ಇಂದಿಗೂ ಸರೋವರದ ದಂಡೆಯಲ್ಲಿ ನಿಂತಿವೆ, ಒಳಗಿನ ಕತ್ತಲ ಕೋಣೆಗಳಲ್ಲಿ ಅಪರೂಪದ ಬಾವಲಿಗಳು ನೆಲೆಸಿವೆ. ಬೆಂಕಿಯಿಂದ ಪಾರಾದ ಹಲವು ಮನೆಗಳನ್ನು ಕರ ಕಾಡಿತು. ಮಾಡು ಇರುವ ಕಟ್ಟಡಕ್ಕೆ ಕರ ಬೀಳುತ್ತಿತ್ತು, ಮಾಡು ಇಲ್ಲದ ಗೋಡೆಗೆ ಬೀಳುತ್ತಿರಲಿಲ್ಲ. ಹಾಗಾಗಿ ಮಾಲೀಕರು ಸೀಸದ ತಗಡನ್ನೂ ತೊಲೆಗಳನ್ನೂ ಮಾರಿ ಚಾವಣಿಯನ್ನೇ ಇಳಿಸಿಬಿಟ್ಟರು. ಗಾಲ್ವೇ ಕೌಂಟಿಯ ಕೂಲ್ ಪಾರ್ಕ್ ಮನೆಗೆ ಬಂದ ಅಂತ್ಯ ಇನ್ನೂ ಪೂರ್ಣವಾದದ್ದು. ಐರಿಷ್ ಸಾಹಿತ್ಯದ ಪುನರುಜ್ಜೀವನಕ್ಕೆ ಆಸರೆಯಾಗಿದ್ದ ಲೇಡಿ ಗ್ರೆಗರಿ 1932ರಲ್ಲಿ ತೀರಿಕೊಂಡರು, 1941ರಲ್ಲಿ ಮನೆಯನ್ನು ನೆಲಸಮ ಮಾಡಲಾಯಿತು. ಕಾಲು ಎಕರೆಯ ಷರತ್ತನ್ನು ತಂದ ವಿಲಿಯಂ ಗ್ರೆಗರಿ ಇದೇ ಮನೆಯವರು, ಆಕೆಯ ಪತಿ. ಇಂದು ಅಲ್ಲಿ ಕಾಣಸಿಗುವುದು ತಳಪಾಯದ ಗುರುತು ಮತ್ತು ಸುತ್ತಲಿನ ಕಾಡು.

ಪ್ರಶ್ನೆ: ಹಳೆಯ ಮಠಗಳ ಬಳಿ ಇರುವ ದುಂಡು ಗೋಪುರಗಳ ಬಾಗಿಲು ನೆಲದಿಂದ ಅಷ್ಟೆತ್ತರದಲ್ಲಿರುವುದು ವೈಕಿಂಗ್ ದಾಳಿಯಿಂದ ತಪ್ಪಿಸಿಕೊಳ್ಳಲೆಂದೇ?

ಪ್ರವಾಸಿ ಮಾರ್ಗದರ್ಶಿಗಳು ಬಹುಕಾಲ ಹಾಗೆಯೇ ಹೇಳುತ್ತ ಬಂದಿದ್ದಾರೆ. ಆದರೆ ಐರಿಷ್ ಭಾಷೆಯಲ್ಲಿ ಈ ಗೋಪುರಕ್ಕೆ ಇರುವ ಹೆಸರಿನ ಅರ್ಥ ‘ಗಂಟೆಮನೆ’. ಮಠದ ದಿನಚರಿಯ ಗಂಟೆ ಬಾರಿಸಲು ಮತ್ತು ದೂರದಿಂದ ಬರುವ ಯಾತ್ರಿಕರಿಗೆ ಗುರುತಾಗಲು ಇವನ್ನು ಕಟ್ಟಿದರು. ಹತ್ತೊಂಬತ್ತನೇ ಶತಮಾನದಲ್ಲಿ ಇವು ಅಗ್ನಿಪೂಜಕರ ದೇಗುಲಗಳೆಂದೂ ಮತ್ತೇನೋ ಎಂದೂ ವಾದಗಳು ಎದ್ದಾಗ, ಜಾರ್ಜ್ ಪೆಟ್ರಿ ಎಂಬ ವಿದ್ವಾಂಸರು ಹಳೆಯ ವೃತ್ತಾಂತಗಳನ್ನೂ ಕಟ್ಟಡಗಳನ್ನೂ ಒಟ್ಟಿಗೆ ಪರಿಶೀಲಿಸಿ, ಇವು ಕ್ರೈಸ್ತ ಮಠಗಳ ಗಂಟೆಗೋಪುರಗಳೇ ಎಂದು 1845ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸ್ಥಾಪಿಸಿದರು.

ಅಡಗುದಾಣವಾಗಿ ಇವು ಎಂದೂ ಬಳಕೆಯಾಗಲೇ ಇಲ್ಲವೆಂದು ಹೇಳಲಾಗದು. ಆದರೆ ಮರದ ಅಟ್ಟಗಳು ಒಂದರ ಮೇಲೊಂದಿರುವ ಉದ್ದನೆಯ ಕಲ್ಲಿನ ಕೊಳವೆಗೆ ಬೆಂಕಿ ಬಿದ್ದರೆ ಅದು ಹೊಗೆಗೂಡಿನಂತೆ ಉರಿಯುತ್ತದೆ. ಈ ಗೋಪುರಗಳ ಬಗ್ಗೆ ವೃತ್ತಾಂತಗಳಲ್ಲಿ ಸಿಗುವ ಮೊದಲ ಉಲ್ಲೇಖವೇ ಅಂಥದ್ದು: 950ರಲ್ಲಿ ಮೀತ್ ಕೌಂಟಿಯ ಸ್ಲೇನ್ ಎಂಬಲ್ಲಿನ ಗಂಟೆಮನೆಯನ್ನು ಒಳಗಿದ್ದವರ ಸಮೇತ ಸುಟ್ಟರು. ಬಾಗಿಲಿನ ಎತ್ತರಕ್ಕೆ ಹೆಚ್ಚು ಒಪ್ಪುವ ಕಾರಣ ಕಟ್ಟಡದಲ್ಲಿಯೇ ಇದೆ. ಸುಮಾರು 30 ಮೀಟರ್ ಎತ್ತರದ ಗೋಪುರಗಳಿಗೂ ಅಡಿಪಾಯ ಬಹಳ ಆಳವಿಲ್ಲ. ಬುಡದಲ್ಲಿ ಗೋಡೆಯನ್ನು ಒಡೆದು ಬಾಗಿಲಿಟ್ಟರೆ ಭಾರ ಹೆಚ್ಚಿರುವ ಜಾಗವೇ ದುರ್ಬಲವಾಗುತ್ತದೆ. ಆದ್ದರಿಂದ ಕೆಲವು ಮೀಟರ್‌ಗಳಷ್ಟು ಗೋಡೆಯನ್ನು ಅಖಂಡವಾಗಿ ಎಬ್ಬಿಸಿ ಆಮೇಲೆ ಬಾಗಿಲು ತೆರೆದರು. ಗಾಲ್ವೇ ಕೌಂಟಿಯ ಕಿಲ್‌ಮ್ಯಾಕ್‌ಡುವಾದ ಗೋಪುರ ಈಗ ಕಣ್ಣಿಗೆ ಕಾಣುವಷ್ಟು ವಾಲಿದೆ, ಆದರೂ ನಿಂತಿದೆ. ಅದರ ಬಾಗಿಲು ನೆಲದಿಂದ ಸುಮಾರು 7 ಮೀಟರ್ ಮೇಲಿದೆ.

ಪ್ರಶ್ನೆ: ಕ್ಲೇರ್ ಮತ್ತು ಟಿಪ್ಪರೇರಿಯಲ್ಲಿ ಪ್ರತಿ ಹೊಲದಲ್ಲೂ ಒಂದು ಕೋಟೆ ಇರುವಂತಿದೆ. ಅಷ್ಟು ರಾಜರಿದ್ದರೇ?

ಅವು ರಾಜರ ಕೋಟೆಗಳಲ್ಲ, ಗೋಪುರಮನೆಗಳು. ಹದಿನೈದು ಮತ್ತು ಹದಿನಾರನೇ ಶತಮಾನಗಳಲ್ಲಿ ಸ್ಥಳೀಯ ಮನೆತನಗಳು ಕಟ್ಟಿಕೊಂಡ, ನಾಲ್ಕೈದು ಅಂತಸ್ತಿನ, ಒಂದರ ಮೇಲೊಂದು ಕೋಣೆಯಿರುವ ವಾಸದ ಮನೆಗಳು. 1429ರಲ್ಲಿ ಇಂಗ್ಲಿಷರ ಹಿಡಿತದಲ್ಲಿದ್ದ ಡಬ್ಲಿನ್, ಮೀತ್, ಕಿಲ್ಡೇರ್, ಲೌತ್ ಕೌಂಟಿಗಳಲ್ಲಿ 20 ಅಡಿ ಉದ್ದ, 16 ಅಡಿ ಅಗಲ, 40 ಅಡಿ ಎತ್ತರದ ಗೋಪುರ ಕಟ್ಟುವವರಿಗೆ 10 ಪೌಂಡ್ ಸಹಾಯಧನ ಘೋಷಿಸಿದ್ದರು. ಇದನ್ನೇ ಎಲ್ಲ ಗೋಪುರಮನೆಗಳಿಗೂ ಮೂಲವೆಂದು ಹೇಳುವುದು ನನಗೆ ಸರಿಕಾಣದು, ಏಕೆಂದರೆ ಅವು ದಟ್ಟವಾಗಿ ಉಳಿದಿರುವುದು ಆ ನಾಲ್ಕು ಕೌಂಟಿಗಳಲ್ಲಲ್ಲ, ಹಣ ತಲುಪದ ದಕ್ಷಿಣ ಮತ್ತು ಪಶ್ಚಿಮದಲ್ಲಿ. ಸಹಾಯಧನಕ್ಕಿಂತ ನೆರೆಯವನಿಗೆ ಸರಿಸಮನಾಗಿ ನಿಲ್ಲುವ ಹಂಬಲ ಹೆಚ್ಚು ಗೋಪುರಗಳನ್ನು ಕಟ್ಟಿಸಿರಬೇಕು.

ಇಂಥ ಗೋಪುರದೊಳಗೆ ಹೋಗುವ ಅವಕಾಶ ಸಿಕ್ಕರೆ ಕಮಾನಿನ ಒಳಮೈಯನ್ನು ಒಮ್ಮೆ ಬೆಳಕು ಬಿಟ್ಟು ನೋಡಿ. ಕಮಾನು ಕಟ್ಟುವಾಗ ಮರದ ಚೌಕಟ್ಟಿನ ಮೇಲೆ ಹೆಣೆದ ಕಡ್ಡಿಗಳ ಚಾಪೆ ಹಾಸಿ, ಅದರ ಮೇಲೆ ಗಾರೆ ಸುರಿದು ಕಲ್ಲು ಜೋಡಿಸುತ್ತಿದ್ದರು. ಚೌಕಟ್ಟು ತೆಗೆದ ಮೇಲೆ ಆ ಹೆಣಿಗೆಯ ಅಚ್ಚು ಗಾರೆಯಲ್ಲಿ ಉಳಿದಿದೆ, ಕೆಲವು ಕಡೆ ಕಡ್ಡಿಯ ಚೂರುಗಳೂ ಅಂಟಿಕೊಂಡಿವೆ. ಐದಾರು ನೂರು ವರ್ಷಗಳ ಹಿಂದೆ ಕಡ್ಡಿ ಹೆಣೆದವರ ಕೈಕೆಲಸವನ್ನು ಇಷ್ಟು ಹತ್ತಿರದಿಂದ ತೋರಿಸುವ ಗುರುತು ಆ ಗೋಪುರದಲ್ಲಿ ಇನ್ನೊಂದಿಲ್ಲ.

ಪ್ರಶ್ನೆ: ಹುಲ್ಲು ಹೊದಿಸಿದ ಬಿಳಿಯ ಮನೆಗಳು ಐರ್ಲೆಂಡಿನ ಚಿತ್ರಪಟಗಳಲ್ಲೆಲ್ಲ ಕಾಣುತ್ತವೆ. ಎಲ್ಲವೂ ಒಂದೇ ಬಗೆಯವೇ? ಅವು ಏಕೆ ಕಡಿಮೆಯಾಗುತ್ತಿವೆ?

ಚಿತ್ರಪಟ ನೋಡಿದರೆ ಒಂದೇ ಬಗೆಯವು ಎನಿಸುತ್ತದೆ. ಕೌಂಟಿಯಿಂದ ಕೌಂಟಿಗೆ ಹೋದರೆ ಬಹಳ ಬೇರೆಯಾಗಿವೆ. ಎಲ್ಲಕ್ಕೂ ಸಾಮಾನ್ಯವಾದದ್ದು ಒಂದು ನಿಯಮ: ಮನೆಯ ಅಗಲ ಒಂದೇ ಕೋಣೆಯಷ್ಟು. ಸಂಸಾರ ಬೆಳೆದರೆ ಮನೆಯನ್ನು ಉದ್ದಕ್ಕೆ ಬೆಳೆಸುತ್ತಿದ್ದರು, ಅಗಲಕ್ಕಲ್ಲ, ಏಕೆಂದರೆ ಅಡ್ಡಲಾಗಿ ಸಿಗುವ ಮರದ ಉದ್ದ ಅಷ್ಟೇ ಇತ್ತು. ಪಶ್ಚಿಮದ ಮನೆಗಳಲ್ಲಿ ಬಾಗಿಲು ನೇರವಾಗಿ ಅಡುಗೆಮನೆಗೆ ತೆರೆಯುತ್ತದೆ, ಒಲೆ ಬಾಗಿಲಿನಿಂದ ದೂರದ ಗೋಡೆಯಲ್ಲಿರುತ್ತದೆ. ಪೂರ್ವ ಮತ್ತು ಆಗ್ನೇಯದ ಮನೆಗಳಲ್ಲಿ ಬಾಗಿಲು ಒಲೆಯ ಎದುರಿಗೇ ಬರುತ್ತದೆ, ನಡುವೆ ಗಾಳಿ ತಡೆಯುವ ಒಂದು ಅಡ್ಡಗೋಡೆ ಇರುತ್ತದೆ. ಒಲೆಯ ಪಕ್ಕ ಕುಳಿತವರು ಬಂದವರು ಯಾರೆಂದು ನೋಡಲು ಆ ಗೋಡೆಯಲ್ಲಿ ಅಂಗೈಯಗಲದ ಕಿಂಡಿ ಬಿಟ್ಟಿರುತ್ತಾರೆ. ವಾಯವ್ಯದ ಡೊನೆಗಾಲ್ ಮತ್ತು ಮೇಯೊ ಕಡೆ ಒಲೆಯ ಬದಿಯಲ್ಲಿ ಹಿಂಗೋಡೆಯನ್ನು ಹೊರಕ್ಕೆ ಉಬ್ಬಿಸಿ, ಹಿರಿಯರ ಹಾಸಿಗೆಗೆ ಬೆಚ್ಚನೆಯ ಗೂಡು ಮಾಡುತ್ತಿದ್ದರು.

ಗೋಡೆ ಆಯಾ ನೆಲದ್ದು. ಪಶ್ಚಿಮದಲ್ಲಿ ಕಲ್ಲು, ವೆಕ್ಸ್‌ಫರ್ಡಿನಲ್ಲಿ ಹುಲ್ಲು ಬೆರೆಸಿ ತುಳಿದ ಜೇಡಿಮಣ್ಣು. ಮಾಡಿಗೆ ಮೊದಲು ಬೇರು ಸಮೇತ ಕೊಯ್ದ ಹುಲ್ಲುನೆಲದ ಪದರವನ್ನು ಕಂಬಳಿಯಂತೆ ಹಾಸಿ, ಮೇಲೆ ಓಟ್ಸ್ ಅಥವಾ ಗೋಧಿಯ ಹುಲ್ಲು, ನದಿತೀರಗಳಲ್ಲಿ ಜೊಂಡು ಹೊದಿಸುತ್ತಿದ್ದರು. ಒಳನಾಡಿನಲ್ಲಿ ಹುಲ್ಲಿನ ಹೊರೆಗಳನ್ನು ಬಾಗಿಸಿದ ಹೇಜಲ್ ಕಡ್ಡಿಗಳಿಂದ ಚುಚ್ಚಿ ಹಿಡಿಸಿದರೆ, ಅಟ್ಲಾಂಟಿಕ್ ಗಾಳಿ ಬೀಸುವ ಕರಾವಳಿಯಲ್ಲಿ ಅದು ಸಾಲದು. ಅಲ್ಲಿ ಇಡೀ ಮಾಡಿನ ಮೇಲೆ ಹಗ್ಗದ ಬಲೆ ಬಿಗಿದು ಗೋಡೆಯ ಕಲ್ಲುಗೂಟಗಳಿಗೆ ಕಟ್ಟುತ್ತಾರೆ.

ಇವು ಏಕೆ ಕಡಿಮೆಯಾಗುತ್ತಿವೆ ಎಂಬುದಕ್ಕೆ ದುಃಖದ ಹಲವು ಕಾರಣಗಳಿವೆ. ಯಂತ್ರದಿಂದ ಕೊಯ್ದ, ಗೊಬ್ಬರ ಹೆಚ್ಚು ತಿಂದ ಧಾನ್ಯದ ಹುಲ್ಲು ಹಿಂದಿನಷ್ಟು ಬಾಳುವುದಿಲ್ಲ. ಹೊದಿಸುವ ಕುಶಲಕರ್ಮಿಗಳು ವಿರಳ. ವಿಮಾ ಕಂಪನಿಗಳು ಹುಲ್ಲಿನ ಮನೆಗೆ ವಿಮೆ ಕೊಡಲು ಹಿಂದೆಗೆಯುತ್ತವೆ, ಕೊಟ್ಟರೂ ದುಬಾರಿ. ಸರ್ಕಾರದ ಸಹಾಯಧನ ಇದೆ, ಆದರೆ ಮಾಡು ಒಂದು ಸಲ ಹೊದಿಸಿದರೆ ಮುಗಿಯುವ ಕೆಲಸವಲ್ಲ, ಕೆಲವು ವರ್ಷಗಳಿಗೊಮ್ಮೆ ಸರಿಪಡಿಸುತ್ತಲೇ ಇರಬೇಕಾದ ಕೆಲಸ. ವಿಮೆಯ ಸಮಸ್ಯೆಯನ್ನು ಬಗೆಹರಿಸದೆ ಸಹಾಯಧನ ಮಾತ್ರ ಹೆಚ್ಚಿಸಿದರೆ ಈ ಮನೆಗಳು ಉಳಿಯುತ್ತವೆಂದು ನಾನು ನಂಬುವುದಿಲ್ಲ.

ಪ್ರಶ್ನೆ: ಕ್ಷಾಮದ ಕಾಲದ ಬಡವರ ಮನೆಗಳನ್ನು, ಅಂದರೆ ನಿರ್ಗತಿಕರಿಗೆ ಆಶ್ರಯ ಕೊಡುತ್ತಿದ್ದ ವರ್ಕ್‌ಹೌಸ್‌ಗಳನ್ನು, ಪರಂಪರೆಯೆಂದು ಉಳಿಸುವುದು ಸರಿಯೇ? ಅಷ್ಟು ನೋವಿನ ಕಟ್ಟಡಗಳು ನೆಲಸಮವಾದರೆ ನಷ್ಟವೇನು?

ಈ ಪ್ರಶ್ನೆಯನ್ನು ಐರ್ಲೆಂಡಿನ ಜನರೂ ತಮ್ಮಲ್ಲಿ ಬಹುಕಾಲ ಕೇಳಿಕೊಂಡಿದ್ದಾರೆ. 1838ರ ಬಡವರ ಕಾನೂನಿನಂತೆ ದೇಶವನ್ನು 130 ಒಕ್ಕೂಟಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಂದು ವರ್ಕ್‌ಹೌಸ್ ಕಟ್ಟಲು ನಿರ್ಧರಿಸಿದರು. ಜಾರ್ಜ್ ವಿಲ್ಕಿನ್‌ಸನ್ ಎಂಬ ಒಬ್ಬರೇ ವಾಸ್ತುಶಿಲ್ಪಿ ಅವೆಲ್ಲವನ್ನೂ ರೂಪಿಸಿದರು. ಕ್ಷಾಮದ ನಂತರ ಸೇರಿದವುಗಳೊಂದಿಗೆ ಒಟ್ಟು ಸಂಖ್ಯೆ 163 ಆಯಿತು. ಒಬ್ಬರ ಕೈಯಿಂದ ಇಷ್ಟು ಅಲ್ಪ ಕಾಲದಲ್ಲಿ ಇಡೀ ದೇಶಕ್ಕೆ ಒಂದೇ ಮಾದರಿಯ ಕಟ್ಟಡಗಳು ಬಂದದ್ದು ಅದಕ್ಕೂ ಮೊದಲು ಅಲ್ಲಿ ನಡೆದಿರಲಿಲ್ಲ.

ಹೊರಗಿನಿಂದ ಅವು ಇಳಿಜಾರು ಮಾಡಿನ, ತ್ರಿಕೋನ ಶಿಖರಗಳ, ಒಂದಿಷ್ಟು ಗಂಭೀರ ಶಾಲೆಯಂತೆ ಕಾಣುತ್ತವೆ. ಒಳಗಿನ ಯೋಜನೆ ಮನುಷ್ಯರನ್ನು ಬೇರ್ಪಡಿಸುವುದಕ್ಕೆಂದೇ ಮಾಡಿದ್ದು. ಮುಂದಿನ ಕಟ್ಟಡದಲ್ಲಿ ದಾಖಲಾದ ಸಂಸಾರ ಅಲ್ಲಿಂದಲೇ ನಾಲ್ಕು ಪಾಲಾಗುತ್ತಿತ್ತು: ಗಂಡಸರು, ಹೆಂಗಸರು, ಹುಡುಗರು, ಹುಡುಗಿಯರು, ಒಂದೊಂದು ಗುಂಪಿಗೂ ಎತ್ತರದ ಗೋಡೆಯ ಪ್ರತ್ಯೇಕ ಅಂಗಳ. ಒಳಗೋಡೆಗೆ ಗಿಲಾವು ಇಲ್ಲ, ಬರಿಯ ಸುಣ್ಣ. ಮಂಚಗಳಿಲ್ಲ. ಕೋಣೆಯ ಎರಡೂ ಬದಿಗೆ ಎತ್ತರಿಸಿದ ಹಲಗೆಯ ಜಗಲಿ, ಅದರ ಮೇಲೆ ಹುಲ್ಲಿನ ಹಾಸಿಗೆ, ನಡುವೆ ನಡೆದಾಡಲು ತಗ್ಗಿನ ದಾರಿ. ಇದನ್ನು ಓದಿ ತಿಳಿಯುವುದು ಬೇರೆ, ಗಾಲ್ವೇ ಕೌಂಟಿಯ ಪೋರ್ಟಮ್ನಾದಲ್ಲಿ ಉಳಿದಿರುವ ಕಟ್ಟಡದ ಅಂಗಳದಲ್ಲಿ ನಿಂತು ಆ ಗೋಡೆಯ ಎತ್ತರವನ್ನು ಕಣ್ಣಿನಿಂದ ಅಳೆಯುವುದು ಬೇರೆ. ಪಕ್ಕದ ಅಂಗಳದಲ್ಲಿರುವ ಮಗುವಿನ ದನಿ ಕೇಳಿದರೂ ಮುಖ ಕಾಣದಷ್ಟು ಎತ್ತರ ಅದು.

ಬಹುಪಾಲು ವರ್ಕ್‌ಹೌಸ್‌ಗಳು ಆಮೇಲೆ ಆಸ್ಪತ್ರೆಗಳಾದವು, ವೃದ್ಧರ ಆಶ್ರಯಗಳಾದವು, ಕೆಲವು 1920ರ ದಶಕದ ಆರಂಭದಲ್ಲಿ ಸುಟ್ಟುಹೋದವು, ಅನೇಕವನ್ನು ಕಲ್ಲಿಗಾಗಿ ಬಿಚ್ಚಿದರು. ಪೋರ್ಟಮ್ನಾದಲ್ಲಿ ವಸ್ತುಸಂಗ್ರಹಾಲಯವಿದೆ, ಮೊನಹನ್ ಕೌಂಟಿಯ ಕ್ಯಾರಿಕ್‌ಮ್ಯಾಕ್ರಾಸ್‌ನಲ್ಲಿಯೂ ಡೊನೆಗಾಲಿನ ಡನ್‌ಫನಹಿಯಲ್ಲಿಯೂ ಊರವರೇ ಮುಂದಾಗಿ ಕಟ್ಟಡಗಳನ್ನು ಉಳಿಸಿಕೊಂಡಿದ್ದಾರೆ. ನೆಲಸಮವಾದರೆ ನಷ್ಟವೇನು ಎಂದು ಕೇಳಿದ್ದೀರಿ. ಮೊದಲ ಉತ್ತರದಲ್ಲಿ ಹೇಳಿದ ಮಣ್ಣಿನ ಗುಡಿಸಲುಗಳಲ್ಲಿ ಇದ್ದವರಿಗೆ ಮನೆಯೂ ಉಳಿಯಲಿಲ್ಲ, ಬಹಳ ಕಡೆ ಹೆಸರು ಬರೆದ ಸಮಾಧಿಯೂ ಇಲ್ಲ. ಅವರು ಬದುಕಿದ್ದಾಗ ಕೈಯಿಂದ ಮುಟ್ಟಿದ ಗೋಡೆ ಎಂದು ತೋರಿಸಲು ಉಳಿದಿರುವುದು ಬಹುತೇಕ ಈ ಕಟ್ಟಡಗಳೇ. ರಾಸ್ಕಾಮನ್‌ನ ಸ್ಟ್ರೋಕ್ಸ್‌ಟೌನ್ ಬಂಗಲೆಯಲ್ಲಿ, 1847ರಲ್ಲಿ ಗುಂಡಿಗೆ ಬಲಿಯಾದ ಒಡೆಯ ಡೆನಿಸ್ ಮಹನ್‌ನ ಎಸ್ಟೇಟಿನಲ್ಲಿಯೇ, ರಾಷ್ಟ್ರೀಯ ಕ್ಷಾಮ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದ್ದು ಒಳ್ಳೆಯ ನಿರ್ಧಾರ. ಆದರೆ ಒಕ್ಕಲೆಬ್ಬಿಸಿದವರ ಮನೆಯ ಜೊತೆ ಒಕ್ಕಲೆದ್ದವರು ಸೇರಿದ ಮನೆಯೂ ಉಳಿದಾಗ ಮಾತ್ರ ಆ ಚರಿತ್ರೆ ಪೂರ್ತಿಯಾಗುತ್ತದೆ.

ಪ್ರಶ್ನೆ: ನಾವು ಆಫಲಿ ಕೌಂಟಿಯಲ್ಲಿ ಹಳೆಯ ಕಲ್ಲಿನ ಮನೆಯೊಂದನ್ನು ಕೊಳ್ಳಲು ಯೋಚಿಸುತ್ತಿದ್ದೇವೆ. ಮನೆ ರಾಷ್ಟ್ರೀಯ ದಾಖಲೆಯಲ್ಲಿದೆ ಎಂದು ದಲ್ಲಾಳಿ ಹೇಳಿದರು. ಹಾಗಾದರೆ ಒಂದು ಮೊಳೆ ಹೊಡೆಯಲೂ ಅನುಮತಿ ಬೇಕೇ?

ಇಲ್ಲಿ ಎರಡು ಬೇರೆ ಪಟ್ಟಿಗಳಿವೆ, ಜನ ಅವನ್ನು ಒಂದೇ ಎಂದು ತಿಳಿಯುತ್ತಾರೆ. ಮೊದಲನೆಯದು ವಾಸ್ತುಪರಂಪರೆಯ ರಾಷ್ಟ್ರೀಯ ದಾಖಲೆ. 1990ರಲ್ಲಿ ಆರಂಭವಾಗಿ 1999ರ ಕಾಯ್ದೆಯಿಂದ ಕಾನೂನಿನ ನೆಲೆ ಪಡೆದ ಇದು 1700ರ ನಂತರದ ಕಟ್ಟಡಗಳನ್ನು ಕೌಂಟಿವಾರು ಸಮೀಕ್ಷೆ ಮಾಡಿದೆ. ಪ್ರತಿ ಕಟ್ಟಡಕ್ಕೂ ಎಂಟು ಅಂಕೆಯ ಸಂಖ್ಯೆ, ವಿವರಣೆ, ಮೌಲ್ಯಮಾಪನ ಇರುತ್ತದೆ. ಅಂತರರಾಷ್ಟ್ರೀಯ, ರಾಷ್ಟ್ರೀಯ, ಪ್ರಾದೇಶಿಕ, ಸ್ಥಳೀಯ ಎಂಬ ಶ್ರೇಣಿಗಳೂ ಇವೆ. ಈ ದಾಖಲೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಕಟ್ಟಡಕ್ಕೆ ಕಾನೂನಿನ ರಕ್ಷಣೆ ಬರುವುದಿಲ್ಲ. ಪ್ರಾದೇಶಿಕ ಹಾಗೂ ಮೇಲಿನ ಶ್ರೇಣಿಯ ಕಟ್ಟಡಗಳನ್ನು ಸಂರಕ್ಷಿಸುವಂತೆ ಸಚಿವರು ಕೌಂಟಿ ಕೌನ್ಸಿಲಿಗೆ ಶಿಫಾರಸು ಮಾಡುತ್ತಾರೆ.

ಎರಡನೆಯದು ಕೌಂಟಿ ಕೌನ್ಸಿಲ್ ತನ್ನ ಅಭಿವೃದ್ಧಿ ಯೋಜನೆಯೊಂದಿಗೆ ಇಟ್ಟುಕೊಳ್ಳುವ ಸಂರಕ್ಷಿತ ಕಟ್ಟಡಗಳ ಪಟ್ಟಿ. ಕಾನೂನಿನ ಬಲ ಇರುವುದು ಇದಕ್ಕೆ. ಆದ್ದರಿಂದ ಕೊಳ್ಳುವ ಮೊದಲು ಕೌನ್ಸಿಲಿನ ಕಚೇರಿಯಲ್ಲಿ ಈ ಎರಡನೆಯ ಪಟ್ಟಿಯನ್ನು ನೋಡಿ. ಮನೆ ಅದರಲ್ಲಿದ್ದರೆ ರಕ್ಷಣೆ ಮುಂಭಾಗಕ್ಕೆ ಮಾತ್ರವಲ್ಲ, ಒಳಗಿನ ಮೆಟ್ಟಿಲು, ಒಲೆಯ ಚೌಕಟ್ಟು, ಬಾಗಿಲುಗಳಿಗೂ, ಸಾಮಾನ್ಯವಾಗಿ ಆವರಣದ ಕೊಟ್ಟಿಗೆ ಮತ್ತು ಗೋಡೆಗಳಿಗೂ ಅನ್ವಯಿಸುತ್ತದೆ. ಬೇರೆ ಮನೆಗಳಲ್ಲಿ ಅನುಮತಿ ಬೇಡದ ಕೆಲಸವೂ ಕಟ್ಟಡದ ಸ್ವರೂಪವನ್ನು ಬದಲಿಸುವಂತಿದ್ದರೆ ಇಲ್ಲಿ ಅನುಮತಿ ಬೇಕು. ಹಳೆಯ ಮರದ ಜಾರುಕಿಟಕಿಯನ್ನು ಕಿತ್ತು ಪ್ಲಾಸ್ಟಿಕ್ ಕಿಟಕಿ ಹಾಕುವುದು ಇದಕ್ಕೆ ಸ್ಪಷ್ಟ ಉದಾಹರಣೆ. ಮೊಳೆ ಹೊಡೆಯುವುದು, ಮುರಿದ ಸ್ಲೇಟನ್ನು ಅಂಥದ್ದೇ ಸ್ಲೇಟಿನಿಂದ ಬದಲಿಸುವುದು ಹಾಗಲ್ಲ. ಅನುಮಾನವಿದ್ದರೆ, ಯಾವ ಕೆಲಸಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂದು ಕೌನ್ಸಿಲಿನಿಂದ ಲಿಖಿತ ಘೋಷಣೆ ಪಡೆಯುವ ಅವಕಾಶವನ್ನು 2000ದ ಯೋಜನಾ ಕಾಯ್ದೆಯ 57ನೇ ಸೆಕ್ಷನ್ ಕೊಟ್ಟಿತು. 2024ರ ಹೊಸ ಕಾಯ್ದೆ ಹಂತಹಂತವಾಗಿ ಅದರ ಜಾಗಕ್ಕೆ ಬರುತ್ತಿರುವುದರಿಂದ, ಈಗ ಯಾವ ಸೆಕ್ಷನ್ ನಡೆಯುತ್ತದೆಂದು ಕೌನ್ಸಿಲಿನ ಸಂರಕ್ಷಣಾಧಿಕಾರಿಯನ್ನು ಕೇಳಿಕೊಳ್ಳಿ.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಖಾಲಿ ಬಿದ್ದಿರುವ ಮನೆಯನ್ನು ದುರಸ್ತಿ ಮಾಡಿ ವಾಸಿಸುವವರಿಗೆ 50,000 ಯೂರೊವರೆಗೆ, ತೀರಾ ಶಿಥಿಲವಾಗಿದ್ದರೆ 70,000 ಯೂರೊವರೆಗೆ ಸರ್ಕಾರಿ ಸಹಾಯಧನ ಇದೆ. ಕೆಲಸ ಶುರುಮಾಡುವ ಮೊದಲೇ ಅರ್ಜಿ ಮಂಜೂರಾಗಿರಬೇಕು ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ಹಳೆಯ ಮನೆಯ ಗಿಲಾವನ್ನು ಕೆರೆದು ಕಲ್ಲು ಕಾಣುವಂತೆ ಮಾಡಿ, ಸಂದುಗಳಿಗೆ ಸಿಮೆಂಟ್ ತುಂಬಿಸಿದರೆ ಚೆಂದವೂ ಗಟ್ಟಿಯೂ ಆಗುತ್ತದೆಂದು ಮೇಸ್ತ್ರಿ ಹೇಳುತ್ತಾರೆ. ಮಾಡಬಹುದೇ?

ದಯವಿಟ್ಟು ಮಾಡಿಸಬೇಡಿ. ಕಳೆದ ಕೆಲವು ದಶಕಗಳಲ್ಲಿ ಐರ್ಲೆಂಡಿನ ಹಳ್ಳಿಮನೆಗಳಿಗೆ ಮಳೆಗಿಂತ ಹೆಚ್ಚು ಹಾನಿ ಮಾಡಿದ್ದು ಈ ಒಂದು ಸಲಹೆ ಎಂದರೆ ಅತಿಶಯವಾಗದು ಎಂದು ನನ್ನ ಭಾವನೆ.

ಆ ಗೋಡೆ ಒಂದೇ ಕಲ್ಲಿನದಲ್ಲ. ಹೊರಗೊಂದು ಮುಖ, ಒಳಗೊಂದು ಮುಖ, ನಡುವೆ ಚೂರುಕಲ್ಲು ಮತ್ತು ಸುಣ್ಣ ಅಥವಾ ಮಣ್ಣಿನ ಗಾರೆ. ಅದು ಮಳೆಯಲ್ಲಿ ನೀರು ಹೀರುತ್ತದೆ, ಬಿಸಿಲು ಗಾಳಿಗೆ ಬಿಟ್ಟುಕೊಡುತ್ತದೆ. ನೀರು ಹೊರಹೋಗುವ ದಾರಿ ಕಲ್ಲಲ್ಲ, ಕಲ್ಲಿಗಿಂತ ಮೃದುವಾದ ಸುಣ್ಣದ ಸಂದು. ಸಿಮೆಂಟ್ ತುಂಬಿದರೆ ಆ ದಾರಿ ಮುಚ್ಚುತ್ತದೆ. ಗೋಡೆ ಚಳಿ ಬಿಸಿಲಿಗೆ ಅಲುಗಿದಾಗ ಗಡಸು ಸಿಮೆಂಟಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ನೀರು ಒಳಗೆ ಇಳಿಯುತ್ತದೆ, ಮರಳಿ ಬರಲಾಗುವುದಿಲ್ಲ. ಆ ತೇವ ಒಳಗಿನ ತೊಲೆಯ ತುದಿಗಳನ್ನು ಕೊಳೆಸುತ್ತದೆ, ಹಿಮ ಬಿದ್ದಾಗ ಕಲ್ಲಿನ ಮುಖವನ್ನೇ ಚಕ್ಕೆಯಾಗಿ ಎಬ್ಬಿಸುತ್ತದೆ. ಸಂದು ಗಟ್ಟಿಯಾಗಿ ನಿಂತು ಕಲ್ಲು ಉದುರುವ ಗೋಡೆಗಳನ್ನು ನೀವೇ ಗಮನಿಸಬಹುದು.

ಗಿಲಾವು ಕೆರೆಯುವುದೂ ಇಷ್ಟೇ ತಪ್ಪು. ಕೆತ್ತಿದ ಕಲ್ಲಿನ ಚರ್ಚು, ನ್ಯಾಯಾಲಯ, ಮಾರುಕಟ್ಟೆ ಕಟ್ಟಡಗಳನ್ನು ಕಲ್ಲು ಕಾಣಲೆಂದೇ ಕಟ್ಟಿದರು. ಒರಟು ಕಲ್ಲಿನ ಮನೆಗೋಡೆಯನ್ನು ಹಾಗೆ ಕಟ್ಟಲಿಲ್ಲ. ಅದಕ್ಕೆ ಸುಣ್ಣದ ಗಿಲಾವೋ ವರ್ಷವರ್ಷ ಬಳಿಯುವ ಸುಣ್ಣದ ತಿಳಿಯೋ ಮಳೆಗವಚವಾಗಿತ್ತು. ಅದು ತಾನು ಸವೆದು ಗೋಡೆಯನ್ನು ಉಳಿಸುತ್ತದೆ. ಹೊಲಗಳ ಅಂಚಿನಲ್ಲಿ ಇನ್ನೂ ಕಾಣುವ ಸುಣ್ಣದ ಗೂಡುಗಳಲ್ಲಿ ಸುಣ್ಣದಕಲ್ಲನ್ನೂ ಇಂಧನವನ್ನೂ ಪದರಪದರವಾಗಿ ಸುಟ್ಟು, ಹೊಲಕ್ಕೂ ಗೋಡೆಗೂ ಬೇಕಾದ ಸುಣ್ಣವನ್ನು ರೈತರೇ ಮಾಡಿಕೊಳ್ಳುತ್ತಿದ್ದರು. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಹುಡುಕಿ. ಹಿಮ ಬೀಳುವ ತಿಂಗಳುಗಳಲ್ಲಿ ಮಾಡಿಸಬೇಡಿ, ಹೊಸ ಗಿಲಾವನ್ನು ಒದ್ದೆ ಗೋಣಿತಟ್ಟಿನಿಂದ ಮುಚ್ಚಿ ನಿಧಾನವಾಗಿ ಒಣಗಿಸಲು ಹೇಳಿ.

ಪ್ರಶ್ನೆ: ಹಳೆಯ ಮನೆಯೊಂದರ ವಯಸ್ಸನ್ನೂ ಅಲ್ಲಿ ಇದ್ದವರನ್ನೂ ಪತ್ತೆ ಮಾಡುವುದು ಹೇಗೆ?

ಮೂರು ದಾಖಲೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಬೇಕು. ಮೊದಲು ಸರ್ಕಾರಿ ಭೂಮಾಪನ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಆರು ಅಂಗುಲದ ನಕ್ಷೆ. ಒಂದು ಮೈಲಿಗೆ ಆರು ಅಂಗುಲದ ಅಳತೆಯಲ್ಲಿ ಇಡೀ ಐರ್ಲೆಂಡನ್ನು 1846ರ ಹೊತ್ತಿಗೆ ಚಿತ್ರಿಸಿ ಮುಗಿಸಿದ್ದರಿಂದ, ಕ್ಷಾಮಕ್ಕೆ ಮೊದಲು ಆ ಜಾಗದಲ್ಲಿ ಕಟ್ಟಡವಿತ್ತೇ ಎಂದು ಅದು ತಿಳಿಸುತ್ತದೆ. ಎರಡನೆಯದು ಕರ ನಿಗದಿ ಮಾಡಲು 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಮೌಲ್ಯಮಾಪನ. ಹಿಡುವಳಿದಾರ ಯಾರು, ಒಡೆಯ ಯಾರು, ಭೂಮಿಯ ಮೌಲ್ಯವೆಷ್ಟು, ಕಟ್ಟಡದ ಮೌಲ್ಯವೆಷ್ಟು ಎಂದು ಪ್ರತ್ಯೇಕವಾಗಿ ಬರೆದಿದ್ದಾರೆ.

ಮೂರನೆಯದು 1901 ಮತ್ತು 1911ರ ಜನಗಣತಿಯ ಮನೆಪಟ್ಟಿ. ಇದು ನನಗೆ ಅತ್ಯಂತ ಪ್ರಿಯವಾದದ್ದು, ಏಕೆಂದರೆ ಎಣಿಸಿದವರು ಮನೆಯ ಮುಂದೆ ನಿಂತು ಅದನ್ನು ನೋಡಿ ಅಂಕ ಕೊಟ್ಟಿದ್ದಾರೆ. ಗೋಡೆ ಕಲ್ಲು, ಇಟ್ಟಿಗೆ ಅಥವಾ ಕಾಂಕ್ರೀಟಿನದಾದರೆ 1, ಮಣ್ಣಿನದಾದರೆ 0. ಮಾಡು ಸ್ಲೇಟು, ಹಂಚು ಅಥವಾ ಕಬ್ಬಿಣದ್ದಾದರೆ 1, ಹುಲ್ಲಿನದಾದರೆ 0. ಕೋಣೆಗಳ ಸಂಖ್ಯೆಗೆ ತಕ್ಕ ಅಂಕ, ಮುಂಭಾಗದ ಕಿಟಕಿಗಳಿಗೆ ಒಂದೊಂದು. ಎಲ್ಲ ಕೂಡಿಸಿ ದರ್ಜೆ. ಎರಡು ಗಣತಿಗಳ ನಡುವೆ ಮಾಡಿನ ಅಂಕ 0 ಇದ್ದದ್ದು 1 ಆಗಿದ್ದರೆ, ಆ ಹತ್ತು ವರ್ಷಗಳಲ್ಲಿ ಹುಲ್ಲು ಹೋಗಿ ಸ್ಲೇಟೋ ತಗಡೋ ಬಂದಿದೆ ಎಂದು ತಿಳಿಯಬಹುದು. ಈ ಪಟ್ಟಿಗಳನ್ನು ರಾಷ್ಟ್ರೀಯ ಪತ್ರಾಗಾರ ಉಚಿತವಾಗಿ ನೋಡಲು ಇಟ್ಟಿದೆ.

ಪ್ರಶ್ನೆ: ನಮ್ಮ ಮನೆಯ ಹಿಂದೆ ತುಕ್ಕು ಹಿಡಿದ ಕೆಂಪು ತಗಡಿನ ಮಾಡಿನ ಹಳೆಯ ಕೊಟ್ಟಿಗೆಯಿದೆ. ಅದಕ್ಕೂ ಪರಂಪರೆಯ ಬೆಲೆ ಇದೆಯೇ, ಅಥವಾ ಕೆಡವಿಸಬಹುದೇ?

ಕೆಡವಿಸುವ ಮೊದಲು ಎರಡು ಕೆಲಸ ಮಾಡಿ. ಪರಂಪರಾ ಮಂಡಳಿ ನಡೆಸುವ ಸಾಂಪ್ರದಾಯಿಕ ಕೃಷಿ ಕಟ್ಟಡಗಳ ಸಹಾಯಧನ ಯೋಜನೆ ಕೃಷಿ ಇಲಾಖೆಯ ಪರಿಸರ ಯೋಜನೆಯಲ್ಲಿ ಸೇರಿರುವ ರೈತರಿಗೆ ಇಂಥ ಕೊಟ್ಟಿಗೆಗಳ ದುರಸ್ತಿಗೆಂದೇ ಇದೆ. ನಿಮ್ಮ ಜಮೀನು ಅದರಲ್ಲಿದೆಯೇ ಎಂದು ವಿಚಾರಿಸಿ. ಬಣ್ಣ ಬಳಿದ ತಗಡಿನ ಮಾಡು ಇಂದು ಆ ಹಳ್ಳಿಗಳ ಸ್ವರೂಪದ ಭಾಗವೇ ಆಗಿದೆ.

ಇನ್ನೊಂದು ಕೆಲಸ, ಏಣಿ ಹಾಕಿ ತಗಡಿನ ಅಡಿ ಏನಿದೆ ಎಂದು ನೋಡುವುದು. ಸೋರುವ ಹುಲ್ಲನ್ನು ತೆಗೆಯದೆ ಅದರ ಮೇಲೆಯೇ ತಗಡು ಹೊದಿಸುವುದು ಆ ಕಡೆಯ ರೂಢಿಯಾಗಿತ್ತು. ಹಾಗಾಗಿ ಎಷ್ಟೋ ಕೊಟ್ಟಿಗೆಗಳಲ್ಲಿ, ಮನೆಗಳಲ್ಲಿ ತಗಡಿನ ಕೆಳಗೆ ಹಳೆಯ ಹುಲ್ಲು, ಅದರ ಕೆಳಗೆ ಇನ್ನೂ ಹಳೆಯ ಹುಲ್ಲು, ತಳದಲ್ಲಿ ನೆಲದಿಂದ ಕೊಯ್ದು ತಂದ ಹುಲ್ಲುಪದರ ಮತ್ತು ತೊಗಟೆ ಸಮೇತದ ತೊಲೆಗಳು ಒಣಗಿಕೊಂಡು ಹಾಗೆಯೇ ಉಳಿದಿವೆ. ಈಗ ಯಾರೂ ಬೆಳೆಯದ ಧಾನ್ಯದ ತಳಿಗಳ ತೆನೆ, ಹೊಲದ ಕಳೆಗಿಡಗಳ ಬೀಜ, ಹಿಂದಿನವರು ಹಗ್ಗ ಹೊಸೆದ ರೀತಿ ಎಲ್ಲವೂ ಆ ಪದರಗಳಲ್ಲಿ ಸಿಗುತ್ತವೆ. ಹುಲ್ಲು ಕಂಡರೆ ಕೈ ಹಾಕದೆ ತಗಡನ್ನು ಮೊದಲಿನಂತೆ ಮುಚ್ಚಿ, ಕೌಂಟಿಯ ಪರಂಪರಾ ಅಧಿಕಾರಿಗೆ ತಿಳಿಸಿ. ಅವರು ಬಂದು ನೋಡುವವರೆಗೆ ಆ ತುಕ್ಕು ಹಿಡಿದ ತಗಡು ಅಲ್ಲಿಯೇ ಇರಲಿ.